ಗೋತ್ರವಿಲ್ಲದವನಿಗೆ ನೀರು

ಎರಡು ತಿಂಗಳಿಂದ ಮುಕುಂದನನ್ನು ಯಾರೂ ಮುಟ್ಟಿರಲಿಲ್ಲ.

ಮೆಡಿಕಲ್ ಕಾಲೇಜಿನಿಂದ ಬಂದವನು ಖೂಬಾ ಪ್ಲಾಟ್ ಬಡಾವಣೆಯ ಮನೆಯ ಮುಂಬಾಗಿಲಿಗೆ ಹೋಗುವಂತಿರಲಿಲ್ಲ. ಹಿಂದಿನ ಸಂದಿಯಿಂದ ಹಿತ್ತಲಿಗೆ ಬಂದು, ನಳದ ಕೆಳಗೆ ಕೂತು ತಲೆಯ ಮೇಲೆ ನೀರು ಸುರಿದುಕೊಂಡು, ಬಿಚ್ಚಿದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಟ್ಟು, ಆಮೇಲೆ ಒಳಗೆ. ಇದು ತುಂಗಾಬಾಯಿಯ ಕಟ್ಟಳೆ. ಆಕೆ ಅವನ ತಂದೆಯ ಅಕ್ಕ, ಮಡಿ ಹೆಂಗಸು, ಗಂಡ ಹೋದ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದವಳು. ಕೆಟ್ಟವಳಲ್ಲ. ಅನ್ನದ ಮೇಲೆ ತುಪ್ಪವನ್ನು ಒಂದು ಮಿಳ್ಳೆ ಹೆಚ್ಚಿಗೇ ಹಾಕುತ್ತಿದ್ದಳು. ಆದರೆ ಮೊಳದೆತ್ತರದಿಂದ ಹಾಕುತ್ತಿದ್ದಳು. ಸಾರು ಅವನ ತಾಟಿಗೆ ಸೂರಿನ ನೀರಿನಂತೆ ಬೀಳುತ್ತಿತ್ತು. "ಹೆಣಾ ಮುಟ್ಟಿ ಬರಾಂವಗ ದಿನಾ ಸೂತಕನಽ. ಶಾಸ್ತ್ರ ನಾ ಬರದಿಲ್ಲಪಾ," ಎನ್ನುತ್ತಿದ್ದಳು, ಸ್ವಲ್ಪ ನಾಚಿಕೊಂಡಂತೆ.

ಓದಲು ತಂದ ಎಲುಬುಗಳಿಗಂತೂ ಸೂರಿನ ಕೆಳಗೆ ಜಾಗವಿರಲಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಹಿತ್ತಲಿನ ಬೇವಿನ ಮರಕ್ಕೆ ತೂಗುಹಾಕಿದ್ದ. ಓದಬೇಕೆಂದರೆ ಚೀಲ ಇಳಿಸಿ ಮರದ ಬುಡದಲ್ಲಿ ಕೂರಬೇಕು. ಪಕ್ಕದ ಮನೆಯವರು ಮೊದಲ ವಾರ ಗೋಡೆಯ ಮೇಲಿಂದ ಇಣುಕಿದರು. ಆಮೇಲೆ ಅದನ್ನೂ ಬಿಟ್ಟರು.

ಕಾಲೇಜಿನಲ್ಲೂ ಅಂಥ ವ್ಯತ್ಯಾಸವೇನಿರಲಿಲ್ಲ. ಶವವಿದ್ದ ಒಂದೊಂದು ಮೇಜಿಗೆ ಎಂಟು ಜನ. ಉಳಿದ ಏಳು ಜನ ಇಂಗ್ಲಿಷಿನಲ್ಲಿ ನಗುತ್ತಿದ್ದರು. ಕಮಲಾಪುರದ ಕನ್ನಡ ಶಾಲೆಯಲ್ಲಿ ಓದಿದ ಮುಕುಂದನಿಗೆ ಅವರ ಮಾತು ಅರ್ಥವಾಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಅವರು ಚಹಾಕ್ಕೆ ಹೋದ ಮೇಲೂ ಅವನು ಮೇಜಿನ ಬಳಿಯೇ ನಿಂತು, ಪುಸ್ತಕದ ಚಿತ್ರಕ್ಕೂ ಎದುರಿಗಿದ್ದ ತೋಳಿಗೂ ಹೊಂದಿಸಿ ನೋಡುತ್ತಿದ್ದ. ಸ್ನಾಯುವಿನ ದಾರ ಹಿಡಿದು ಮೆಲ್ಲಗೆ ಎಳೆದರೆ ಸತ್ತವನ ಬೆರಳು ಮಡಚುತ್ತಿತ್ತು. ದಿನಕ್ಕೆ ನಾಲ್ಕು ತಾಸು ಅವನು ಹಿಡಿದು ಕೂರುವ ಕೈ ಅದೊಂದೇ. ಈ ಮಾತು ಒಂದು ದಿನ ತಲೆಗೆ ಬಂದದ್ದೇ ಅದು ಮತ್ತೆ ಹೋಗಲಿಲ್ಲ.

ಇವನು ಯಾರು ಎಂದು ಹೆಣ ಕೊಯ್ಯುವ ಹಾಲ್‌ನಲ್ಲಿ ಕೆಲಸಕ್ಕಿದ್ದ ಕರೀಂಸಾಬನನ್ನು ಕೇಳಿದ. ಕರೀಂಸಾಬ್ ಔಷಧಿಯ ತೊಟ್ಟಿಯಿಂದ ಹೆಣಗಳನ್ನೆತ್ತಿ ಮೇಜಿಗೆ ತರುವವನು, ಇಪ್ಪತ್ತು ವರ್ಷದಿಂದ ಅದೇ ಕೆಲಸ.

"ಲಾವಾರಿಸ್ ಇದ್ದಾನ್ರೀ. ಸ್ಟೇಷನ್ ಹತ್ರ ಸಿಕ್ಕಿದ್ದನಂತ. ವಾರಸುದಾರರ ದಾರಿ ಕಾದ್ರು, ಯಾರೂ ಬರ್ಲಿಲ್ಲ." ಮೇಜಿನ ಅಂಚು ಒರೆಸುತ್ತ ಹೇಳಿದ: "ನಮ್ಮವರಿದ್ರ ನಾ ದುವಾ ಓದ್ತೀನಿ. ಇಂವ ನಿಮ್ಮಾಂವ. ನಿಮ್ಮಾಂವಗ ನಾ ಏನ್ ಓದಲಿ?"

ಮುಕುಂದ ಪುರೋಹಿತರ ಮಗ. ತಂದೆ ನರಸಿಂಹಾಚಾರ್ಯರ ಹಿಂದೆ ದರ್ಭೆಯ ಕಟ್ಟು ಹಿಡಿದು ಕಮಲಾಪುರದ ಸುತ್ತಿನ ಮನೆಮನೆಗೆ ಹೋಗಿ ಬೆಳೆದವನು. ಮೆಡಿಕಲ್ ಸೀಟಿನ ಅರ್ಜಿಗೆ ತಂದೆಯ ಸಹಿ ಬೇಕಾದಾಗ ಆಚಾರ್ಯರು ಅದನ್ನು ನಾಲ್ಕು ದಿನ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಐದನೆಯ ದಿನ, ಅವ್ವ ಊಟ ಬಿಟ್ಟಾಗ, ಸಹಿ ಹಾಕಿದರು. ಹಾಕುತ್ತ ಒಂದೇ ಮಾತು ಹೇಳಿದರು: ಆಚಾರ ಬಿಟ್ಟೆ ಎಂದು ಕಿವಿಗೆ ಬಿದ್ದ ದಿನ ಬಂದು ಕರೆದುಕೊಂಡು ಹೋಗುತ್ತೇನೆ. ಅವರು ಆಡಿದ್ದನ್ನು ಮಾಡದೆ ಬಿಟ್ಟ ನೆನಪು ಮುಕುಂದನಿಗಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಕಾಲೇಜಿಗೆ ರಜೆ ಇತ್ತು. ಹಿರಿಯರಿಗೆ ತಿಲ ಮತ್ತು ನೀರು ಬಿಡುವ ದಿನ. ನನ್ನವರೆಂಬವರು ಯಾರೂ ಇಲ್ಲದೆ ಸತ್ತವರಿಗೂ ಅಂದು ಒಂದು ಬೊಗಸೆ ನೀರುಂಟು. ತುಂಗಾಬಾಯಿ ಮಠಕ್ಕೆ ಹೋದ ಮೇಲೆ ಮುಕುಂದ ಡಬ್ಬಿಯಿಂದ ಒಂದು ಹಿಡಿ ಕರಿಎಳ್ಳು ತೆಗೆದುಕೊಂಡ. ಮಿಂದು, ಒದ್ದೆ ಪಂಚೆಯಲ್ಲಿ ಹಿತ್ತಲಿನ ಕಲ್ಲಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂತ. ಜನಿವಾರವನ್ನು ಬಲಹೆಗಲಿಗೆ ತಿರುಗಿಸಿಕೊಂಡ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ, ಅದು ತಿಳಿದದ್ದೇ. ಹೆಸರಿನ ಜಾಗ ಬಂದಾಗ ತಡೆದ. ಹೆಣದ ಕಾಲಿಗೆ ಕಟ್ಟಿದ ತಗಡಿನ ಮೇಲೆ ಇಪ್ಪತ್ತೊಂದು ಎಂದಿತ್ತು. ಸಂಸ್ಕೃತದಲ್ಲಿ ಅದನ್ನೇ ಹೇಳಿದ. ಮೂರು ಸಲ ನೀರು ಬಿಟ್ಟ.

ಮೂರನೆಯ ಸಲದ ನೀರು ಇನ್ನೂ ಬೆರಳಲ್ಲಿತ್ತು. ಹಿತ್ತಲ ಬಾಗಿಲಲ್ಲಿ ತುಂಗಾಬಾಯಿ ನಿಂತಿದ್ದಳು. ಮಠದಲ್ಲಿ ಗದ್ದಲವೆಂದು ಬೇಗ ಬಂದಿದ್ದಳು. ಆಕೆ ಎಳ್ಳನ್ನು ನೋಡಲಿಲ್ಲ, ನೀರನ್ನು ನೋಡಲಿಲ್ಲ, ಬಲಹೆಗಲನ್ನು ನೋಡಿದಳು.

"ಮುಕುಂದಾ," ಅಂದಳು, "ನನ್ನ ತಮ್ಮ ಇದ್ದಾನೋ, ಹೋಗ್ಯಾನೋ?"

ತಂದೆ ಬದುಕಿರುವಾಗ ಮಗ ತರ್ಪಣ ಬಿಡುವಂತಿಲ್ಲ. ಬಿಟ್ಟರೆ, ಕೂತಿರುವ ತಂದೆಯನ್ನು ಹೋದವರ ಸಾಲಿಗೆ ತಳ್ಳಿದ ಹಾಗೆ. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪರರಿಗೆ ಬಿಟ್ಟದ್ದು ತಂದೆಗೆ ತಗಲುವುದಿಲ್ಲ ಎಂದು ತಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದ. ಆಕೆಯ ಮುಖ ನೋಡಿದಾಗ ಆ ಶಾಸ್ತ್ರ ನಿಲ್ಲಲಿಲ್ಲ.

ಮರುದಿನದ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೊರಟವರ ಕೈಯಲ್ಲಿ ತುಂಗಾಬಾಯಿ ಸುದ್ದಿ ಕಳಿಸಿದಳು. ಮೂರು ದಿನ ಮುಕುಂದ ಕಾಲೇಜಿಗೆ ಹೋದ, ಬಂದ, ಮಿಂದ, ಉಂಡ. ಬಟ್ಟೆ ಮಡಚಿ ಟ್ರಂಕಿಗೆ ಹಾಕಿದ. ಎಲುಬುಗಳನ್ನು ಮಾರಿದ ಸೀನಿಯರ್ ವಾಪಸು ಕೊಂಡಾನೋ ಇಲ್ಲವೋ ಎಂದೂ ಯೋಚಿಸಿದ.

ಆಚಾರ್ಯರು ನಾಲ್ಕನೆಯ ದಿನ ಬಂದರು. ಮಿಂದು, ಸಂಧ್ಯಾವಂದನೆ ಮುಗಿಸಿ ಪಡಸಾಲೆಯಲ್ಲಿ ಕೂತರು. ಮಗನನ್ನು ಹೊಸ್ತಿಲಾಚೆ ನಿಲ್ಲಿಸಿದರು. ಬೈಯಲಿಲ್ಲ. ಶಿಷ್ಯನ ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿದರು.

"ಗೋತ್ರ?"

"ಕಾಶ್ಯಪ ಅಂದೆ."

"ಹೆಸರು?"

ಮುಕುಂದ ನಂಬರಿನ ವಿಷಯ ಹೇಳಿದ. ಒಳಗಿನಿಂದ ತುಂಗಾಬಾಯಿ ಹಣೆ ಬಡಿದುಕೊಂಡದ್ದು ಕೇಳಿಸಿತು.

"ನಂಬರ್ ಹಚ್ಚಿ ನೀರು ಬಿಡ್ಲಿಕ್ಕೆ ಅಂವ ಏನು ಕೆಂಪು ಬಸ್ಸೇನೋ?" ಎಂದರು ಆಚಾರ್ಯರು. ನಗಲಿಲ್ಲ. "ಹ್ಯಾಂಗಿದ್ದ?"

ಎರಡು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಮುಕುಂದ ಹೇಳತೊಡಗಿದ. ಐವತ್ತರ ಆಜುಬಾಜು. ಎಡಗಡೆಯ ಕೊರಳೆಲುಬು ಎಂದೋ ಮುರಿದು, ಕಟ್ಟದೆ ಬಿಟ್ಟು, ಸೊಟ್ಟಗೆ ಕೂಡಿಕೊಂಡಿದೆ. ಬಲಹೆಗಲಿನ ಚರ್ಮ ಅಂಗಾಲಿನಷ್ಟು ದಪ್ಪ, ಬ್ಲೇಡು ಬೇಗ ಇಳಿಯುವುದಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದೆ.

"ಒಂದು ಹೆಗಲು ಮುರಕೊಂಡು ಇನ್ನೊಂದರ ಮ್ಯಾಲೆ ಹೊತ್ತಾನ," ಅಂದರು ಆಚಾರ್ಯರು. "ಹಮಾಲ ಇದ್ದಾನ. ನಂದೂರ ಮಿಲ್ಲಿನಾಗ ಬ್ಯಾಳಿ ಚೀಲ ಹೊತ್ತಿರಬೇಕು."

ಅಷ್ಟು ದಿನ ಆ ಹೆಗಲನ್ನು ಬಿಡಿಸಿ ನೋಡಿದವನಿಗೆ ಅದು ಹೊಳೆದಿರಲಿಲ್ಲ.

ಆಚಾರ್ಯರು ಎದ್ದು ಅಕ್ಕನಿಗೆ ಎಳ್ಳು ತರಲು ಹೇಳಿದರು. ಪಿತೃಪಕ್ಷ ಮುಗಿದಿದೆಯಲ್ಲ ಎಂದಳು ಆಕೆ. ದಿಕ್ಕಿಲ್ಲದವನಿಗೆ ಯಾವ ತಿಥಿ ಎಂದು ಅವರು ಹಿತ್ತಲಿಗೆ ನಡೆದು, ಮಗ ಕೂತಿದ್ದ ಕಲ್ಲನ್ನು ತೊಳೆಸಿ ಕೂತರು. ತಮ್ಮ ತಂದೆ ಇಲ್ಲ, ತಮಗೆ ಅಧಿಕಾರವಿದೆ ಎಂದರು. ಹೆಸರು ತಿಳಿಯದವರಿಗೆಂದು ಹಿಂದಿನವರು ಇಟ್ಟುಹೋದ ಹೆಸರೊಂದಿತ್ತು: ಪೃಥಿವೀಷತ್. ಭೂಮಿಯ ಮೇಲೆ ಇದ್ದವನು, ಅಷ್ಟೇ ಅರ್ಥ. ಚಿಕ್ಕಂದಿನ ರೂಢಿಯಂತೆ ಮುಕುಂದ ನೀರಿನ ತಂಬಿಗೆ ಎತ್ತಿಕೊಡಲು ಬಾಗಿದ. ಆಚಾರ್ಯರು ಗದ್ದದಿಂದಲೇ ದೂರ ತೋರಿಸಿದರು. ಬೇವಿನ ಮರದ ಬಳಿ ನಿಂತು, ಇಪ್ಪತ್ತೊಂದನೆಯ ನಂಬರಿನ ಹಮಾಲನಿಗೆ ತಂದೆಯ ಬೆರಳುಗಳಿಂದ ನೀರಿಳಿಯುವುದನ್ನು ನೋಡಿದ.

ಊಟವಾದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ತಂದೆಯ ನಾಲ್ಕು ಹೆಜ್ಜೆ ಹಿಂದೆ ನಡೆದ. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ನಿಂತಿತ್ತು.

"ನಾನೂ ಟ್ರಂಕ್ ತರಲೇನು?" ಎಂದು ಕೇಳಿದ.

"ಕಾಲೇಜು ಬಿಡಬ್ಯಾಡ." ಆಚಾರ್ಯರು ಉತ್ತರೀಯ ಸರಿಪಡಿಸಿಕೊಂಡರು. "ಆದರ ಊರಿಗೆ ಬರಬ್ಯಾಡ. ಹಬ್ಬಕ್ಕೂ ಬ್ಯಾಡ, ಶ್ರಾದ್ಧಕ್ಕೂ ಬ್ಯಾಡ. ಸುದ್ದಿ ಆಗಲೇ ಓಣಿತುಂಬ ಆಗ್ಯದ. ಸ್ವಂತ ಮಗನ ಕಡಿಂದ ನೀರು ಬಿಡಿಸಿಕೊಂಡಾಂವನ್ನ ಯಾರು ಕರೀತಾರ? ನನ್ನ ಹೊಟ್ಟಿ ನಡೀಬೇಕಲ್ಲ."

"ಎಷ್ಟು ದಿನ ಅಪ್ಪಾ?"

"ನಾ ಇರೋತನಕ. ಆಮ್ಯಾಲೆ ನಿನಗ ಅಧಿಕಾರ ಬರತದ."

ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. ತಿಥಿ ಹೇಳುವಾಗಲೂ ಅವರ ದನಿ ಹಾಗೇ ಇರುತ್ತಿತ್ತು. ಮುಕುಂದ ಕಾಲು ಮುಟ್ಟಲು ಬಾಗಿ, ಮುಟ್ಟದೆ, ಅವರ ಚಪ್ಪಲಿಯ ಮುಂದಿನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಚಾರ್ಯರು ಬಸ್ಸು ಹತ್ತಿ, ಮಗನಿಗೆ ಕಾಣದ ಆಚೆ ಬದಿಯ ಕಿಟಕಿಗೆ ಕೂತರು.

ದೀಪಾವಳಿಗೆ ಹತ್ತು ದಿನ ರಜೆ ಎಂದು ಕಾಲೇಜಿನ ಹಲಗೆಯ ಮೇಲೆ ಹಾಕಿದ್ದರು. ಉಳಿದ ಏಳೂ ಜನ ರೈಲಿನ ಟಿಕೀಟು ಮಾಡಿಸಿಯಾಗಿತ್ತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮುಕುಂದ ಕಾಲೇಜಿನ ದಾರಿ ಹಿಡಿದ. ರಜೆಯಲ್ಲೂ ಹೆಣದ ಹಾಲ್‌ನ ಬೀಗ ತೆಗೆಯುತ್ತೀಯಾ ಎಂದು ಕರೀಂಸಾಬನನ್ನು ಇವತ್ತೇ ಕೇಳಿಟ್ಟುಕೊಳ್ಳಬೇಕಾಗಿತ್ತು.