ಕಾಲುವೆಗೆ ಹೊರಟಿದ್ದ ಫೋನು

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆಮನೆಗೂ ಫೋನು ಬಂದಿತ್ತು. ಕ್ಯಾಮೆರಾ ಇರುವ ಫೋನೂ ಬಂದಿತ್ತು. ಫೋನು ಬಂದಷ್ಟು ಬೇಗ ಬುದ್ಧಿ ಬರಲಿಲ್ಲ, ಅದೇ ಬೇಜಾರು.

ಲಾರಿ ಡ್ರೈವರ್ ಸುಂಕಪ್ಪನ ಮಗಳು ಹುಲುಗಮ್ಮ ಸಂಡೂರು ರಸ್ತೆಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಜ್‌ನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದಳು. ಆ ಓಣಿಯಿಂದ ಅಂಥ ಕೆಲಸಕ್ಕೆ ಹೋದ ಮೊದಲ ಹುಡುಗಿ ಅವಳೇ. ಒಂದು ದಿನ ಗುರುತಿಲ್ಲದ ನಂಬರಿನಿಂದ ಅವಳಿಗೊಂದು ಫೋಟೋ ಬಂತು. ಮುಖ ಅವಳದು, ಬಟ್ಟೆಯಿಲ್ಲದ ಮೈ ಯಾರದೋ. ಕರೆದಲ್ಲಿಗೆ ಬರದಿದ್ದರೆ ಇದು ಎಲ್ಲರ ಫೋನಿಗೂ ಹೋಗುತ್ತದೆ ಎಂದು ಕೆಳಗೆ ಬರೆದಿತ್ತು.

ಹುಲುಗಮ್ಮ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು, ಊಟ ಬಿಟ್ಟಳು. ತಾಯಿ ದುರ್ಗಕ್ಕ ಗದರಿಸಿ ಕೇಳಿದಾಗ ಫೋನನ್ನು ಅವಳ ಕೈಗಿಟ್ಟು ಗೋಡೆಗೆ ಮುಖ ಮಾಡಿ ಕೂತಳು.

ಮನೆಗೆ ಪೀಡೆ ಹೊಕ್ಕಿತು ಅನ್ನಿಸಿದರೆ ಬೇವಿನ ಸೊಪ್ಪು, ನಿಂಬೆಹಣ್ಣು ಸೇರಿಸಿ ಹರಿಯುವ ನೀರಿಗೆ ಬಿಡುವುದು ಆ ಓಣಿಯ ರೂಢಿ. ದುರ್ಗಕ್ಕ ಫೋನನ್ನೂ ಹಾಗೇ ಬಟ್ಟೆಯಲ್ಲಿ ಕಟ್ಟಿಕೊಂಡು ಬಸವಣ್ಣ ಕಾಲುವೆಯತ್ತ ಹೊರಟಳು. ಸುಂಕಪ್ಪ ಬೇಡ ಅನ್ನಲಿಲ್ಲ.

ಬಾಗಿಲಲ್ಲೇ ಪಕ್ಕದ ಮನೆಯ ರೇಣುಕಾದೇವಿ ಸಿಕ್ಕರು. ಅವರು ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಸೈಬರ್ ಅಪರಾಧದ ತನಿಖೆ ಹೇಗೆ ಮಾಡಬೇಕೆಂಬ ತರಬೇತಿ ಮುಗಿಸಿ ಆಗಷ್ಟೇ ಬೆಂಗಳೂರಿನಿಂದ ಬಂದಿದ್ದರು.

"ಯಾಕಕ್ಕ, ಅಳಕೋಂತ ಎಲ್ಲಿಗೆ ಹೊಂಟೀರಿ?"

ದುರ್ಗಕ್ಕ ಎಲ್ಲವನ್ನೂ ಹೇಳಿದಳು.

"ನೀರಿಗೆ ಹಾಕಬ್ಯಾಡ್ರಿ. ಅದು ಪೀಡೆ ಅಲ್ಲ, ಸಾಕ್ಷಿ."

"ಸಾಕ್ಷಿ ಇಟ್ಕೊಂಡು ಏನ್ ಮಾಡ್ಲಿ ರೇಣುಕವ್ವ? ಸ್ಟೇಷನ್ ಮೆಟ್ಲು ಹತ್ತಿದ್ರ ಊರ ಬಾಯಾಗೆಲ್ಲ ನನ್ನ ಮಗಳೇ. ಆ ಫೋಟೋ ನೋಡ್ಕೋಂತ ಪೊಲೀಸ್ರೇ ನಗ್ತಾರ."

"ಹೋದ ವರ್ಷ ಬಂದಿದ್ರ ನಾನೂ ಸಿಮ್ ಮುರಿದು ಒಗೀರಿ ಅಂತಿದ್ದೆ. ನಮಗೂ ಗೊತ್ತಿರಲಿಲ್ಲಕ್ಕ. ಈಗ ಕಲಿಸ್ಯಾರ. ಫೋನನ್ನ ಇಬ್ರು ಸಾಕ್ಷಿದಾರರು, ಪಂಚರ ಮುಂದ ಕವರ್‌ನಾಗ ಹಾಕಿ ಸೀಲ್ ಮಾಡ್ತೀವಿ. ಕಂಡಕಂಡೋರು ಬಿಚ್ಚಿ ನೋಡಂಗಿಲ್ಲ."

ಸುಂಕಪ್ಪನಿಗೆ ನಂಬಿಕೆ ಬರಲಿಲ್ಲ. "ಅವನು ಯಾರದೋ ಹೆಸರಿಗೆ ಸಿಮ್ ತಗೊಂಡಿರ್ತಾನ್ರಿ. ಫೋನ್ ಹಚ್ಚಿದ್ರ ಸ್ವಿಚ್ ಆಫ್. ಹೆಂಗ ಹಿಡೀತೀರಿ?"

"ಲಾರಿ ನಂಬರ್ ಪ್ಲೇಟ್ ಬದಲಿ ಮಾಡಿದ್ರ ಚಾಸಿ ನಂಬರ್ ಹೋಗ್ತೈತೇನಣ್ಣ? ಫೋನ್ ಸೆಟ್ಟಿಗೂ ಹಂಗೇ ಒಂದು ನಂಬರ್ ಐತಿ. ಅವನ ಸೆಟ್ಟಿನ್ಯಾಗ ಬ್ಯಾರೆ ಯಾವ ಸಿಮ್ ಓಡೈತಿ ಅಂತ ಸಿಮ್ ಕಂಪನಿಗೆ ಬರೆದು ಕೇಳ್ತೀವಿ. ಆದ್ರ ಬಂದ ಮೆಸೇಜು ಬಂದಂಗೇ ಇರ್ಬೇಕು."

ಚಾಸಿ ನಂಬರಿನ ಮಾತು ಸುಂಕಪ್ಪನಿಗೆ ನಾಟಿತು. ದುರ್ಗಕ್ಕ ಮಾತ್ರ ಗಂಟು ಬಿಡಲಿಲ್ಲ. ಆಗ ಒಳಗಿನಿಂದ ಹುಲುಗಮ್ಮ ಎದ್ದು ಬಂದಳು.

"ಅವ್ವ, ನಾ ಏನೂ ತಪ್ಪು ಮಾಡಿಲ್ಲ. ಇದನ್ನ ನೀರಿಗೆ ಹಾಕಿದ್ರ ನಾನೇ ಮಾಡಿದಂಗ ಆಗ್ತೈತಿ."

ದುರ್ಗಕ್ಕ ಮಗಳ ಮುಖ ನೋಡಿ ಗಂಟು ಬಿಚ್ಚಿದಳು. ಅವತ್ತೇ ನಾಲ್ವರೂ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು.

ಕಂಪನಿಯಿಂದ ಉತ್ತರ ಬಂತು. ಅದೇ ಸೆಟ್ಟಿನಲ್ಲಿ ಓಡಿದ್ದ ಇನ್ನೊಂದು ಸಿಮ್ಮು ವೇಬ್ರಿಜ್‌ನ ಸೂಪರ್‌ವೈಸರ್‌ನದು. ದಿನಾ ಹುಲುಗಮ್ಮನನ್ನು ತಂಗಿ ಎಂದು ಕರೆಯುತ್ತಿದ್ದ ಪುಣ್ಯಾತ್ಮ. ಅವನನ್ನು ಬಂಧಿಸಿದರು. ಹುಲುಗಮ್ಮ ತಿರುಗಿ ಕೆಲಸಕ್ಕೆ ಹೋದಳು.

ಆದರೆ ಅವನ ಕಂಪ್ಯೂಟರಿನಲ್ಲಿ ಕಂಪ್ಲಿ ಕಡೆಯ ಇನ್ನೊಬ್ಬ ಹುಡುಗಿಯ ಅಂಥದ್ದೇ ಫೋಟೋನೂ ಇತ್ತು. ಹಿಂದೆ ಅದೇ ವೇಬ್ರಿಜ್‌ನಲ್ಲಿ ಕೆಲಸ ಮಾಡಿದವಳು. ರೇಣುಕಾದೇವಿ ಅವಳ ಮನೆ ಹುಡುಕಿಕೊಂಡು ಹೋದರು. ಗೋಡೆಯ ಮೇಲೆ ಅವಳ ಫೋಟೋಕ್ಕೆ ಹಾರ ಹಾಕಿದ್ದರು. ಬಂದ ಮೆಸೇಜುಗಳನ್ನೆಲ್ಲ ಅಳಿಸಿ, ಯಾರಿಗೂ ಹೇಳದೆ ಜೀವ ಕಳಕೊಂಡಿದ್ದಳು. ಮಗಳು ಯಾಕೆ ಹೋದಳೆಂದು ತಾಯಿ ಜಂಬವ್ವನಿಗೆ ತಿಳಿದದ್ದು ಅವತ್ತೇ.

"ನನಗ ಒಂದ್ ಮಾತು ಹೇಳಿದ್ರ ಸಾಕಿತ್ತಲ್ರಿ," ಅಂದಳು ಜಂಬವ್ವ. "ಬೈತೀನಿ ಅಂತ ಅಂಜಿದ್ಲೇನೋ."

ಓದುತ್ತಿರುವ ಅಕ್ಕ ಅಣ್ಣಂದಿರೇ, ಇಂಥದ್ದು ಯಾವ ಮನೆಗಾದರೂ ಬರಬಹುದು. ಮೆಸೇಜು ಅಳಿಸಬೇಡಿ, ಸಿಮ್ ಮುರಿಯಬೇಡಿ, ಅವನು ಕರೆದಲ್ಲಿಗೆ ಹೋಗಬೇಡಿ. ಫೋನನ್ನು ಇದ್ದ ಹಾಗೇ ಪೊಲೀಸರಿಗೆ ಕೊಡಿ. ಅದಕ್ಕೂ ಮೊದಲು, ಇವತ್ತೇ, ನಿಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿ: ಏನೇ ಬಂದರೂ ನನಗೆ ಹೇಳು, ನಾನು ಬೈಯುವುದಿಲ್ಲ.