ಪೇಂಟರ್ ಮಗಳಿಗೆ ಯಾವ ಶಿಶುವಿಹಾರ?

ಬಸ್ ನಿಲ್ದಾಣದ ಹಿಂದಿನ ಸರ್ಕಾರಿ ಶಿಶುವಿಹಾರಕ್ಕೆ ಬಣ್ಣ ಬಳಿದವನು ನಮ್ಮ ಪೇಂಟರೇ. ಗೋಡೆಯ ಮೇಲಿನ ಆನೆ, ಚಿಟ್ಟೆ, ರೈಲು ಎಲ್ಲ ಅವನ ಕೈಚಳಕ. ಅಂದ ಮೇಲೆ ಮಗಳನ್ನು ಇನ್ನೆಲ್ಲಿಗೆ ಸೇರಿಸಿಯಾನು? ಆದರೂ ಒಂದು ಚಿಂತೆ ಅವನನ್ನು ಕೊರೆಯುತ್ತಿತ್ತು. ನಾಲ್ಕು ವರ್ಷದ ಪುಟ್ಟಿ ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳೆ, ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಶಿಶುವಿಹಾರದಲ್ಲೂ ಹೀಗೇ ಮೂಲೆ ಹಿಡಿದು ಕೂತುಬಿಟ್ಟರೆ?

"ನೀರಿನ ಟ್ಯಾಂಕ್ ಹತ್ರಾನೂ ಒಂದು ಸರ್ಕಾರಿ ಶಿಶುವಿಹಾರ ಇದೆಯಲ್ಲ, ನೋಡಿದ್ಯಾ?" ಪಕ್ಕದ ಮನೆಯ ನರ್ಸಕ್ಕ ಕೇಳಿದಳು.

"ಅದರ ಗೋಡೆ ನೋಡಿದ್ದೀಯಾ ಅಕ್ಕ? ಬಣ್ಣ ಕಂಡು ಎಷ್ಟು ಕಾಲ ಆಯ್ತೋ ಏನೋ."

"ನಿನ್ನ ಮಗಳಿಗೆ ಪಾಠ ಹೇಳೋದು ಗೋಡೆನಾ, ಟೀಚರಾ? ಮಕ್ಕಳಿರೋ ಹೊತ್ತಲ್ಲಿ, ಟೀಚರನ್ನ ಕೇಳಿಕೊಂಡು, ಎರಡೂ ಕಡೆ ಸ್ವಲ್ಪ ಹೊತ್ತು ಕೂತು ಬಾ. ಪುಟ್ಟೀನೂ ಕರ್ಕೊಂಡು ಹೋಗು."

ಪೇಂಟರ್ ಮೊದಲು ತಾನು ಬಣ್ಣ ಬಳಿದ ಕಡೆಗೇ ಹೋದ. ಮಕ್ಕಳು ಕೈಕಟ್ಟಿ ಸಾಲಾಗಿ ಕೂತಿದ್ದರು. ಒಂದು ಮಗು ಆನೆಯ ಸೊಂಡಿಲು ಸವರಲು ಹೋಯಿತು. "ಮುಟ್ಟಬೇಡ, ಕೊಳೆಯಾಗುತ್ತೆ" ಎಂದರು ಟೀಚರ್. ಆಟದ ಸಾಮಾನು ಬೀರುವಿನೊಳಗೆ ಭದ್ರವಾಗಿತ್ತು. ಪೇಂಟರ್ ಮುಖ ಸಪ್ಪಗಾಯಿತು. ಮಕ್ಕಳ ಕೈ ಗೋಡೆಗೆ ತಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದವನು ಅವನೇ. ಪುಟ್ಟಿ ಅಲ್ಲಿದ್ದಷ್ಟು ಹೊತ್ತೂ ಅಪ್ಪನ ಪ್ಯಾಂಟು ಬಿಡಲಿಲ್ಲ.

ಟ್ಯಾಂಕ್ ಹತ್ತಿರದ ಶಿಶುವಿಹಾರದಲ್ಲಿ ಟೀಚರ್ ನೆಲದ ಮೇಲೆ ಮಕ್ಕಳ ನಡುವೆ ಕೂತಿದ್ದರು. ಗೊಂಬೆ, ಪುಸ್ತಕ ಎಲ್ಲ ಮಕ್ಕಳ ಕೈಗೆಟುಕುವ ಹಲಗೆಯ ಮೇಲಿದ್ದವು. ತಿನ್ನುವ ಮೊದಲು ಕೈತೊಳೆಯಲು ಸೋಪು ನೀರು ಇತ್ತು. ಹೆಸರು ಕೇಳಿದ್ದಕ್ಕೆ ಪುಟ್ಟಿ ಅಪ್ಪನ ಹಿಂದೆ ಸರಿದಳು. ಟೀಚರ್ ಬಲವಂತ ಮಾಡದೆ, ಬಣ್ಣ ಕಲಸುತ್ತಿದ್ದ ಮಕ್ಕಳ ಪಕ್ಕ ಅವಳನ್ನು ಕೂರಿಸಿದರು.

ಸ್ವಲ್ಪ ಹೊತ್ತು ಕಳೆಯಿತು.

"ನೀಲಿ ಸಾಕು, ಇನ್ನೊಂಚೂರು ಹಳದಿ ಹಾಕು. ಆಗ ಎಲೆ ಬಣ್ಣ ಬರುತ್ತೆ" ಎಂದಳು ಪುಟ್ಟಿ, ಪಕ್ಕದ ಹುಡುಗಿಗೆ.

"ಅರೆ, ಯಾರಮ್ಮ ಹೇಳಿಕೊಟ್ಟಿದ್ದು?" ಟೀಚರ್ ಕೇಳಿದರು.

"ನಮ್ಮಪ್ಪ. ನಮ್ಮಪ್ಪ ಪೇಂಟರ್."

ಇಡೀ ಕೋಣೆಗೆ ಕೇಳಿಸುವಂತೆ ಹೇಳಿದಳು. ಪೇಂಟರ್ ಎದೆ ಉಬ್ಬಿಹೋಯಿತು, ಕಣ್ಣೂ ಒದ್ದೆಯಾಯಿತು. ಎಂಥೆಂಥ ಬಂಗಲೆಗೆ ಬಣ್ಣ ಹೊಡೆದಾಗಲೂ ಅವನಿಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಅವತ್ತೇ ಮಗಳನ್ನು ಅಲ್ಲಿ ಸೇರಿಸಿದ. ಮನೆಗೆ ಹೋಗುವ ದಾರಿಯಲ್ಲಿ ಮೊದಲಿನ ಶಿಶುವಿಹಾರದ ಬಾಗಿಲಲ್ಲಿ ನಿಂತು, "ಮೇಡಂ, ಮಕ್ಕಳು ಮುಟ್ಟಲಿ ಬಿಡಿ. ಕೊಳೆಯಾದ್ರೆ ನಾನೇ ಬಂದು ಮತ್ತೆ ಬಳೀತೀನಿ" ಎಂದು ಹೇಳಿಯೇ ಮುಂದೆ ನಡೆದ.

ಅಪ್ಪಂದಿರೇ, ಅಮ್ಮಂದಿರೇ, ಸರ್ಕಾರಿ ಶಿಶುವಿಹಾರಗಳು ನಮ್ಮವೇ. ನಿಮ್ಮ ಸುತ್ತಮುತ್ತ ಎಷ್ಟಿವೆಯೋ ಅಷ್ಟಕ್ಕೂ ಮಕ್ಕಳಿರುವ ಹೊತ್ತಿನಲ್ಲೇ ಹೋಗಿ. ಟೀಚರ್ ಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ, ಮಕ್ಕಳ ಕೈಗೆ ಏನು ಸಿಗುತ್ತದೆ, ನೀರು ಶೌಚಾಲಯ ಶುಚಿಯಾಗಿವೆಯೇ ನೋಡಿ. ಕೊರತೆ ಕಂಡರೆ ಬಾಯಿಬಿಟ್ಟು ಹೇಳಿ. ನಿಮ್ಮ ಮಗು ಎಲ್ಲಿ ಬಾಯಿ ತೆರೆಯುತ್ತದೋ, ಅಲ್ಲಿಗೇ ಸೇರಿಸಿ.