ಅಶ್ವತ್ಥನಾರಾಯಣರ ಪರವಾಗಿ ಎರಡು ಮಾತು

ಕೇಶವಮೂರ್ತಿ ನಿವೃತ್ತರಾದ ವರ್ಷವೇ, ಎರಡು ಸಾವಿರದ ಎಂಟರ ನವೆಂಬರಿನಲ್ಲಿ, ಅವರ ಹಳೆಯ ಸಹೋದ್ಯೋಗಿ ಅಶ್ವತ್ಥನಾರಾಯಣ ದೆಹಲಿ ವಿಧಾನಸಭೆಗೆ ನಿಂತರು. ಹೆಸರು ಹೇಳಿದರೆ ಎದುರಿನವರು ಇನ್ನೊಮ್ಮೆ ಕೇಳಬೇಕಾದಂಥ ಸಣ್ಣ ಪಕ್ಷದ ಟಿಕೆಟ್ಟು. ನೌಕರರ ಸಂಘದಲ್ಲೇ ಕೂದಲು ಬೆಳ್ಳಗಾದ ಮನುಷ್ಯ ಸ್ವಯಂ ನಿವೃತ್ತಿ ಪಡೆದು, ಕಿದ್ವಾಯಿ ನಗರ, ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸುಗಳ ವೋಟು ನಂಬಿಕೊಂಡು ಹೊರಟಿದ್ದರು.

ಒಂದು ಬೆಳಿಗ್ಗೆ ಕೇಶವಮೂರ್ತಿಗೆ ಫೋನ್ ಮಾಡಿದರು.

"ಮೂರ್ತಿ, ಭಾನುವಾರ ನಿಮ್ಮ ಬ್ಲಾಕಿನ ಪಾರ್ಕಲ್ಲಿ ಸಭೆ ಇಟ್ಟಿದೀವಿ. ನೀನು ನನ್ನ ಪರವಾಗಿ ಎರಡು ಮಾತಾಡ್ಬೇಕು. ಬೋಟ್ ಕ್ಲಬ್ಬಿನ ಉಪವಾಸ ಕಣ್ಣಾರೆ ನೋಡಿದವರು ಇನ್ಯಾರಿದಾರೆ ಹೇಳು? ಎಲ್ಲರೂ ಊರು ಸೇರ್ಕೊಂಡ್ರು."

"ಆಗಲಿ," ಎಂದರು ಕೇಶವಮೂರ್ತಿ. ಇಲ್ಲವೆನ್ನಲು ಅವರಿಗೆ ಕಾರಣವೇ ಇರಲಿಲ್ಲ.

ಆ ಉಪವಾಸ ನಡೆದದ್ದು ಎಂಬತ್ತೊಂದರಲ್ಲಿ. ಇಲಾಖೆಯಲ್ಲಿ ವರ್ಷಗಟ್ಟಲೆ ಫೈಲು ಹೊತ್ತ, ಕೂಲರಿಗೆ ನೀರು ತುಂಬಿಸಿದ ದಿನಗೂಲಿಯವರನ್ನು ಒಂದು ಸೋಮವಾರ ಗೇಟಿನಲ್ಲೇ ತಡೆದು, ಇನ್ನು ಬರಬೇಡಿ ಎಂದಿದ್ದರು. ಅವರಲ್ಲಿ ಯಾರೂ ಸಂಘದ ಸದಸ್ಯರಲ್ಲ; ಅವರಿಗಾಗಿ ಬಾಯಿ ತೆರೆಯುವ ಅಗತ್ಯ ಯಾರಿಗೂ ಇರಲಿಲ್ಲ. ಆಗಿನ್ನೂ ಮೂವತ್ತರ ಆಸುಪಾಸಿನ ಗುಮಾಸ್ತರಾಗಿದ್ದ ಅಶ್ವತ್ಥನಾರಾಯಣ ಆಗ ಧರಣಿಗಳೆಲ್ಲ ನಡೆಯುತ್ತಿದ್ದ ಬೋಟ್ ಕ್ಲಬ್ಬಿನ ಹುಲ್ಲಿನ ಮೇಲೆ ಶಾಮಿಯಾನ ಹಾಕಿಸಿ ಕೂತರು. ವಾರ ಕಳೆದರೂ ಏಳಲಿಲ್ಲ. ಕೊನೆಗೆ ಪ್ರಜ್ಞೆ ತಪ್ಪಿದಾಗ ಎತ್ತಿ ಆಟೋದಲ್ಲಿ ಮಲಗಿಸಿದ್ದು ಕೇಶವಮೂರ್ತಿಯೇ. ದಿನಗೂಲಿಯವರೆಲ್ಲ ಕಾಯಂ ಆದರು. ಆಮೇಲೆ ಎಷ್ಟೋ ವರ್ಷ, ಅಶ್ವತ್ಥನಾರಾಯಣ ಕಾರಿಡಾರಿನಲ್ಲಿ ಹೋದರೆ ಪ್ಯೂನುಗಳು ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದರು. ಅಧಿಕಾರಿಗಳಿಗೂ ಅವರು ಹಾಗೆ ಮನಸ್ಸಿಟ್ಟು ಎದ್ದವರಲ್ಲ.

ಅದೇ ಸಂಜೆ ಮಗಳು ಲಾವಣ್ಯಾ ಕಚೇರಿಯಿಂದ ಬಂದಳು. ಅವಳೂ ಕೇಂದ್ರ ಸರ್ಕಾರದ ನೌಕರಿಯವಳೇ; ಸೇರಿ ಎರಡು ವರ್ಷವಾಗಿತ್ತು. ಅಪ್ಪ ನಿವೃತ್ತರಾದ ಮೇಲೆ ಈ ಕ್ವಾರ್ಟರ್ಸು ಅವಳ ಹೆಸರಿಗೇ ಆಗಿತ್ತು. ಚಪ್ಪಲಿ ಬಿಚ್ಚುತ್ತಲೇ ಕೇಳಿದಳು.

"ಅಪ್ಪ, ಅಶ್ವತ್ಥ್ ಅಂಕಲ್ ಮೀಟಿಂಗಲ್ಲಿ ನೀನು ಮಾತಾಡ್ತೀಯಂತೆ?"

"ಹೌದು. ಯಾರು ಹೇಳಿದ್ರು?"

"ಚಾರ್ಟರ್ಡ್ ಬಸ್ಸಲ್ಲಿ ಎಲ್ಲಾ ಅದೇ ಮಾತು. ಪೆನ್ಶನ್ ತೆಗೆದಾಗ ಸ್ಟ್ರೈಕ್ ಬೇಡ ಅಂತ ವೋಟ್ ಹಾಕಿದ್ದೇ ಅಂಕಲ್ ಅಂತೆ. ಸಚ್ ಹೈ ಕ್ಯಾ, ನಿಜಾನಾ?"

ಎರಡು ಸಾವಿರದ ನಾಲ್ಕರಿಂದ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹಳೆಯ ಪೆನ್ಶನ್ ಇಲ್ಲವೆಂದು ಸರ್ಕಾರ ತೀರ್ಮಾನಿಸಿತ್ತು. ಅದಕ್ಕೆ ಸ್ವಲ್ಪ ಮೊದಲು, ಮುಷ್ಕರ ಹೂಡಬೇಕೇ ಬೇಡವೇ ಎಂದು ಅವರ ಸಂಘದ ಕಾರ್ಯಕಾರಿಣಿ ಸೇರಿದ್ದು ಕೇಶವಮೂರ್ತಿಗೆ ನೆನಪಿತ್ತು. ಅವರು ಕಾರ್ಯಕಾರಿಣಿಯಲ್ಲಿ ಇರಲಿಲ್ಲ. ಮುಷ್ಕರ ಆಗಲಿಲ್ಲ ಎಂಬುದಷ್ಟೇ ಗೊತ್ತಿತ್ತು. ಯಾಕೆ ಆಗಲಿಲ್ಲ ಎಂದು ಅವರೂ ಕೇಳಲಿಲ್ಲ, ಅವರ ಓರಗೆಯವರು ಯಾರೂ ಕೇಳಲಿಲ್ಲ. ಅವರೆಲ್ಲರ ಪೆನ್ಶನ್ ಹಾಗೇ ಉಳಿದಿತ್ತು.

"ಅದು ಐದು ವರ್ಷದ ಹಿಂದಿನ ಮಾತು," ಎಂದರು.

"ಬೋಟ್ ಕ್ಲಬ್ಬು? ಅದು ನಾನು ಹುಟ್ಟೋಕೆ ಮೊದಲಿನ ಮಾತು. ಅದನ್ನ ಮಾತ್ರ ಹೇಳ್ತೀಯಾ?"

"ಊಟ ಬಿಟ್ಟು ಸಾಯೋ ಹಾಗೆ ಕೂತಿದ್ದು ಸುಳ್ಳಲ್ಲ ಲಾವಣ್ಯಾ."

"ಸುಳ್ಳು ಅಂತ ನಾನೆಲ್ಲಿ ಹೇಳ್ದೆ? ಅದಾದ್ಮೇಲೆ ಏನ್ಮಾಡಿದ್ರು ಅಂತ ಕೇಳ್ತಿದೀನಿ. ಆವಾಗ ಯಾರೋ ಡೈಲಿ ವೇಜರ್ಸ್‌ಗೆ ಪ್ರಾಣ ಕೊಡೋಕೆ ಹೋದ್ರು. ನಮ್ಮ ಟೈಮ್ ಬಂದಾಗ ಕೈ ಎತ್ತಿ ಬೇಡ ಅಂದ್ರು."

ಹೆಂಡತಿ ಪದ್ಮಾ ಅಡುಗೆಮನೆಯಿಂದಲೇ ಅಂದರು: "ಯಾರೋ ಯಾವತ್ತೋ ಕೂತೆದ್ದ ಸಭೆಗೆ ನೀವಿಬ್ಬರೂ ಇವತ್ತು ಜಗಳ ಆಡಿ. ಉಪವಾಸದ ವಾರ ಪೂರ್ತಿ ರತ್ನಾ ಅನ್ನ ಮುಟ್ಟಲಿಲ್ಲ. ಅವಳ ಹೆಸರು ಯಾವ ಭಾಷಣದಲ್ಲೂ ಬರಲ್ಲ."

ರತ್ನಾ ಅಶ್ವತ್ಥನಾರಾಯಣರ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು.

ಮಾತು ಅಲ್ಲಿಗೆ ನಿಂತರೂ ಮನೆಯ ಗಾಳಿ ಬಿಗಿಯಾಗಿಯೇ ಉಳಿಯಿತು. ಮರುದಿನವೂ ಲಾವಣ್ಯಾ ಅದನ್ನೇ ಎತ್ತಿದಳು, ಅದರ ಮರುದಿನವೂ. ಕೇಶವಮೂರ್ತಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಯಿತು. ಶುಕ್ರವಾರ ಅವರು ಸ್ವೆಟರು ಹಾಕಿಕೊಂಡು ಸರೋಜಿನಿ ನಗರಕ್ಕೆ ನಡೆದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಹಿಡಿದ ಅಂಗಡಿಯೇ ಅಶ್ವತ್ಥನಾರಾಯಣರ ಚುನಾವಣಾ ಕಚೇರಿ. ಹೊರಗೆ ಕೋಟುಗಳ ರಾಶಿಯ ಮೇಲೆ ನಿಂತು ವ್ಯಾಪಾರಿಗಳು ಕೂಗುತ್ತಿದ್ದರು. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಭ್ಯರ್ಥಿ ಒಬ್ಬರೇ ಕೂತು ಕಾಲು ನೀವಿಕೊಳ್ಳುತ್ತಿದ್ದರು.

"ಬಾ ಮೂರ್ತಿ. ಬೆಳಿಗ್ಗೆಯಿಂದ ಎಷ್ಟು ಮೆಟ್ಟಿಲು ಹತ್ತಿದೀನೋ. ಎಲ್ಲರೂ ಚಹಾ ಕೊಡ್ತಾರೆ, ವೋಟು ಮಾತ್ರ ಗೊತ್ತಿಲ್ಲ."

ಕೇಶವಮೂರ್ತಿ ಸುತ್ತಿ ಬಳಸಲಿಲ್ಲ. "ಪೆನ್ಶನ್ ವಿಷಯದಲ್ಲಿ ಮುಷ್ಕರ ಬೇಡ ಅಂತ ನೀನು ಕೈ ಎತ್ತಿದ್ಯಾ?"

ಅಶ್ವತ್ಥನಾರಾಯಣ ಕಾಲಿನಿಂದ ಕೈ ತೆಗೆದರು. "ಎತ್ತಿದ್ದೆ."

"ಯಾಕೆ?"

"ಸೋಲ್ತಿತ್ತು ಕಣೋ. ಹೊಸಬರಿಗೆ ಬರೋ ಕಷ್ಟಕ್ಕೆ ಹಳಬರು ಬೀದಿಗೆ ಬರ್ತಾರಾ? ನೀನು ಬರ್ತಿದ್ದೆಯಾ?"

ಕೇಶವಮೂರ್ತಿ ಯೋಚಿಸಿದರು. "ಗೊತ್ತಿಲ್ಲ. ಆದ್ರೆ ದಿನಗೂಲಿಯವರಿಗೆ ಯಾರೂ ಬರಲ್ಲ ಅಂತ ಗೊತ್ತಿದ್ದೇ ನೀನು ಕೂತಿದ್ದೆ."

ಅಶ್ವತ್ಥನಾರಾಯಣ ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಬಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ರತ್ನಾಗೆ ಆವಾಗ ಡಯಾಲಿಸಿಸ್ ಶುರುವಾಗಿತ್ತು. ವಾರದಲ್ಲಿ ಎರಡು ಸಲ ಕರ್ಕೊಂಡು ಹೋಗ್ಬೇಕು, ಕರ್ಕೊಂಡು ಬರ್ಬೇಕು. ಮುಷ್ಕರ ಅಂದ್ರೆ ಮೊದಲು ಒಳಗೆ ಹಾಕೋದು ನನ್ನನ್ನ. ಅವಳನ್ನ ಯಾರು ನೋಡ್ತಿದ್ರು? ಸಭೆಯಲ್ಲಿ ಬೇರೆ ಏನೇನೋ ವಾದ ಮಾಡಿದೆ. ಎಲ್ಲರೂ ಒಪ್ಪಿದ್ರು. ಅವರಿಗೂ ಬೇಕಾಗಿದ್ದು ಅದೇ."

ರತ್ನಾಳ ಕಾಯಿಲೆ ಕೇಶವಮೂರ್ತಿಗೆ ಗೊತ್ತಿತ್ತು. ಪದ್ಮಾ ಅವರ ಮನೆಗೆ ಉಪ್ಪಿಲ್ಲದ ಸಾರು ಮಾಡಿ ಕಳಿಸುತ್ತಿದ್ದದ್ದೂ ಗೊತ್ತಿತ್ತು. ಆ ಕಾಯಿಲೆಯನ್ನೂ ಆಗದೆ ಹೋದ ಮುಷ್ಕರವನ್ನೂ ಸೇರಿಸಿ ಅವರು ಯಾವತ್ತೂ ಯೋಚಿಸಿರಲಿಲ್ಲ.

"ಇದನ್ನ ಭಾನುವಾರ ಹೇಳಿಬಿಡೋಣ," ಎಂದರು.

"ಬೇಡ. ಅವಳನ್ನ ವೋಟಿಗೆ ತರಬೇಡ. ಕೈ ಎತ್ತಿದೆ ಅಂತ ಬೇಕಾದ್ರೆ ಹೇಳು, ನಾನು ಬೇಜಾರು ಮಾಡ್ಕೊಳಲ್ಲ. ಅವಳ ವಿಷಯ ಬೇಡ. ಮನೆಯಲ್ಲೂ ಬೇಡ."

ಭಾನುವಾರ ಮಧ್ಯಾಹ್ನ ಪಾರ್ಕಿನಲ್ಲಿ ಬಿಸಿಲು ಹಿತವಾಗಿತ್ತು. ಹೇಗೂ ಬಿಸಿಲಿಗೆ ಕೂರಲು ಬಂದವರೇ ಸಭಿಕರು. ಹೆಂಗಸರು ಹೆಣಿಗೆ ತಂದಿದ್ದರು, ಗಂಡಸರು ಕಡಲೆಕಾಯಿ ಸುಲಿಯುತ್ತಿದ್ದರು. ಲಾವಣ್ಯಾ ಅಮ್ಮನ ಪಕ್ಕ ಕೂತಿದ್ದಳು. ಕೇಶವಮೂರ್ತಿ ಎದ್ದು ಹಿಂದಿಯಲ್ಲಿ ಮಾತಾಡಿದರು. ಬೋಟ್ ಕ್ಲಬ್ಬಿನ ಕಥೆ ಹೇಳಿದರು. ಆಮೇಲೆ, ದನಿ ಏರಿಸದೆ, ಇದನ್ನೂ ಹೇಳಿದರು: "ಹೊಸಬರ ಪೆನ್ಶನ್ ಹೋದಾಗ ಮುಷ್ಕರ ಬೇಡ ಎಂದು ಕೈ ಎತ್ತಿದ್ದೂ ಇವರೇ. ನನಗೆ ಎರಡೂ ಗೊತ್ತು. ಎರಡನ್ನೂ ತಿಳಿದು ನೀವು ತೀರ್ಮಾನ ಮಾಡಿ."

ಏನೋ ಆಗುತ್ತದೆಂದು ಅವರು ಕಾದರು. ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನ ಒಬ್ಬರು ವೇತನ ಆಯೋಗದ ಬಾಕಿ ಯಾವಾಗ ಬರುತ್ತದೆಂದು ಕೇಳಿದರು. ಇನ್ನೊಬ್ಬರು ಮೂರನೇ ಮಹಡಿಗೆ ನೀರೇ ಹತ್ತುವುದಿಲ್ಲ ಎಂದರು. ಗೋಡೆಯ ಸೀಲನ್, ಅಂದರೆ ಇಳಿಯುವ ತೇವದ ಬಗ್ಗೆ ಒಬ್ಬಾಕೆ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅಶ್ವತ್ಥನಾರಾಯಣ ಒಂದೊಂದಕ್ಕೂ ತಲೆಯಾಡಿಸುತ್ತ ಉತ್ತರ ಕೊಟ್ಟರು.

ಕೊನೆಗೆ ಲಾವಣ್ಯಾ ಎದ್ದು ನಿಂತಳು. "ಅಂಕಲ್, ಆವತ್ತು ಬೇಡ ಅಂತ ಯಾಕೆ ಅಂದ್ರಿ?" ಕನ್ನಡದಲ್ಲೇ ಕೇಳಿದಳು.

ಅಶ್ವತ್ಥನಾರಾಯಣ ಅವಳನ್ನು ನೋಡಿದರು. ಕೇಶವಮೂರ್ತಿ ನೆಲ ನೋಡಿದರು.

"ಹೆದರಿದ್ದೆನಮ್ಮ," ಎಂದರು ಅಶ್ವತ್ಥನಾರಾಯಣ. ಅದನ್ನೇ ಹಿಂದಿಯಲ್ಲೂ ಹೇಳಿದರು, ಮತ್ತೇನೂ ಸೇರಿಸಲಿಲ್ಲ. ಲಾವಣ್ಯಾ ಕೂತಳು. ನೀರಿನವರು ಮತ್ತೆ ನೀರಿನ ಮಾತು ಎತ್ತಿದರು.

ಮತದಾನದ ದಿನ ಬಂದಾಗ ಚುನಾವಣೆ ಯಾರ ಮನಸ್ಸಿನಲ್ಲೂ ಇರಲಿಲ್ಲ. ಟಿವಿಯಲ್ಲಿ ಮೂರು ದಿನದಿಂದ ಉಗ್ರರ ದಾಳಿಗೆ ಸಿಕ್ಕ ಮುಂಬಯಿಯ ಹೊಗೆಯನ್ನೇ ನೋಡಿ ಎಲ್ಲರ ಕಣ್ಣೂ ಸೋತಿದ್ದವು. ಮೂವರೂ ಸ್ಕೂಲಿಗೆ ಹೋಗಿ ವೋಟು ಹಾಕಿ ವಾಪಸು ನಡೆದರು. ಪದ್ಮಾ ಮದರ್ ಡೈರಿಯ ಬೂತಿನಲ್ಲಿ ಹಾಲಿಗೆ ನಿಂತಾಗ ಲಾವಣ್ಯಾ ತಾನಾಗಿಯೇ ಹೇಳಿದಳು.

"ನಾನು ಅಂಕಲ್‌ಗೆ ಹಾಕಲಿಲ್ಲ ಅಪ್ಪ. ಹೆದರಿದ್ದೆ ಅಂದ್ರಲ್ಲ, ಅದು ಇಷ್ಟ ಆಯ್ತು. ಎಲ್ಲರ ಎದುರಿಗೆ ಯಾರು ಹಾಗಂತಾರೆ? ಆದ್ರೂ ನನ್ನ ಪೆನ್ಶನ್ ವಾಪಸ್ ಬರಲ್ಲವಲ್ಲ."

ರತ್ನಾಳ ಮಾತು ಕೇಶವಮೂರ್ತಿಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಮಗಳು ಕರಗುತ್ತಾಳೆ ಎಂದೂ ಗೊತ್ತಿತ್ತು. ಆದರೆ ಕರಗಿ ಅವಳಿಗೇನು ಸಿಗುತ್ತದೆ? ಕಳೆದುಕೊಂಡದ್ದು ಕಡಿಮೆಯಾಗುವುದಿಲ್ಲ, ಕೋಪಿಸಿಕೊಳ್ಳುವ ಹಕ್ಕೂ ಹೋಗುತ್ತದೆ ಅಷ್ಟೆ. "ನಿನ್ನ ವೋಟು, ನಿನ್ನಿಷ್ಟ," ಎಂದು ಹೆಂಡತಿಯ ಕೈಯಿಂದ ಹಾಲಿನ ಪಾತ್ರೆ ತೆಗೆದುಕೊಂಡರು. ತಾವು ಅಶ್ವತ್ಥನಾರಾಯಣರಿಗೇ ಹಾಕಿದ್ದರು. ನಂಬಿ ಹಾಕಿದ್ದೋ, ಅಭ್ಯಾಸದಿಂದ ಹಾಕಿದ್ದೋ ಅವರಿಗೇ ಹೇಳಲಾಗುತ್ತಿರಲಿಲ್ಲ.

ಅಶ್ವತ್ಥನಾರಾಯಣ ಠೇವಣಿ ಕಳೆದುಕೊಂಡರು. ಅದಾಗಿ ಒಂದು ಶನಿವಾರ, ಮಫ್ಲರು ಸುತ್ತಿಕೊಂಡು ಮನೆಗೆ ಬಂದರು. ಯಾರೂ ಚುನಾವಣೆಯ ಸುದ್ದಿ ತೆಗೆಯಲಿಲ್ಲ. ಕಾಫಿ ತಂದುಕೊಟ್ಟದ್ದು ಲಾವಣ್ಯಾ.

"ಹೊಸದಾಗಿ ಸೇರಿದವರೆಲ್ಲ ಜಂತರ್ ಮಂತರಿನಲ್ಲಿ ಧರಣಿ ಕೂರ್ತಾರಂತೆ, ಪೆನ್ಶನ್ ವಾಪಸು ಕೊಡಿ ಅಂತ," ಎಂದರು ಅವರು. "ನಾನು ಹೋಗಿ ಹಿಂದುಗಡೆ ಕೂರೋಣ ಅಂತಿದೀನಿ. ನೀನು ಬರ್ತೀಯೇನಮ್ಮ?"

"ಯಾವತ್ತು ಅಂಕಲ್?"

"ಗುರುವಾರ."

"ರಜೆ ಇಲ್ಲ ಅಂಕಲ್. ವರ್ಷದ ಕೊನೆ. ಸಿ.ಎಲ್. ಎಲ್ಲಾ ಮುಗಿದಿದೆ."

"ಹೌದು, ರಜೆ ಎಲ್ಲಿರತ್ತೆ," ಎಂದು ಅವರು ಒಪ್ಪಿಕೊಂಡರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಪದ್ಮಾ ಊಟಕ್ಕೆ ಇರಲು ಹೇಳಿದರು. ಅಶ್ವತ್ಥನಾರಾಯಣ ಬೇಡವೆಂದು ಎದ್ದವರು, ಸಾರಿನ ವಾಸನೆಗೋ ಏನೋ, ಮತ್ತೆ ಕೂತರು.